ಹುಳುಮನೆಗೆ ಬಂದ ಬಜೆ

ಸಾದಲಿ,
೧೪ ಆಗಸ್ಟ್ ೨೦೦೪

ನನ್ನ ಚಿನ್ನದಂಥ ತನುಜಮ್ಮಾ,

ನಿನ್ನ ಮಗ ಭಾನು ಹೊಟ್ಟೆ ತುಂಬ ಉಂಡು ನನ್ನ ಸೆರಗಿನ ಮೇಲೆ ಮಲಗಿದ್ದಾನೆ. ಇದನ್ನು ಮೊದಲೇ ಬರೆದುಬಿಟ್ಟೆ. ಇಲ್ಲದಿದ್ದರೆ ನೀನು ನೇರವಾಗಿ ಕೊನೆ ಸಾಲಿಗೆ ಹಾರುತ್ತೀಯ.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಡುವೆ ಬಾಯಿ ಹಾಕುತ್ತೀಯ, ಆಮೇಲೆ ಅಳುತ್ತೀಯ. ಕಾಗದದ ಜೊತೆ ಜಗಳವಾಡಲಾಗದು. ತಿಂಗಳ ಕೊನೆಗೆ ಗೌರಿಬಿದನೂರಿನ ಕಾಲೇಜಿಗೆ ರಾಜೀನಾಮೆ ಕೊಡುತ್ತೇನೆ ಎಂದು ಬರೆದಿದ್ದೀಯಲ್ಲ, ಕೊಡುವ ಮುಂಚೆ ಇದನ್ನು ಪೂರ್ತಿ ಓದು.

ಎರಡೂವರೆ ವರ್ಷ ತುಂಬಿದರೂ ಭಾನುಗೆ ಮಾತು ಬಂದಿಲ್ಲ. ತಾಯಿ ಪಾಠ ಹೇಳಲು ಹೋಗಿ ಮಗುವನ್ನು ನನ್ನ ಹತ್ತಿರ ಬಿಟ್ಟದ್ದರಿಂದಲೇ ಹೀಗಾಯಿತು ಎನ್ನುವುದು ನಿಮ್ಮತ್ತೆ ಕೊಂಡಮ್ಮನವರ ತೀರ್ಮಾನ. ಹೋದ ವಾರ ಅವರು ಚಿಂತಾಮಣಿಯಿಂದ ಬಂದರು. ನಾರುಬೇರು ಮಾರುವ ಗ್ರಂಧಿಗೆ ಅಂಗಡಿಯಿಂದ ಬಜೆ ತಂದಿದ್ದರು: ತೇಯುವುದಕ್ಕೆ ಒಂದು ಗಟ್ಟಿ ಬೇರು, ಜೊತೆಗೆ ಬಜೆ ಚೂರುಗಳನ್ನು ಪೋಣಿಸಿದ ಒಂದು ಕೈಬಳೆ. ತೇಯ್ದು ನೆಕ್ಕಿಸಿದರೆ ನಾಲಿಗೆ ತಿರುಗುತ್ತದೆ ಎಂದರು. ನಾನು ನಿನ್ನ ಕಾಗದ ಓದಿ ಹೇಳಿದೆ. ಬಜೆಯ ಎಣ್ಣೆಯಲ್ಲಿ ಅಸರೋನ್ ಎಂಬುದಿದೆ, ಆ ಘಾಟು ಅದರದೇ, ಹುಳುಹುಪ್ಪಟೆಗಂತೂ ವಿಷ, ಮಗುವಿಗೆ ನೆಕ್ಕಿಸಬೇಡಿ ಎಂದು ಬರೆದಿದ್ದೆಯಲ್ಲ, ಅದು. ಅವರು, 'ವದಿನಾ, ನಿಮ್ಮ ಮಗಳು ಇದೇ ಬಜೆ ನೆಕ್ಕಿ ತಾನೆ ಇಷ್ಟು ಮಾತು ಕಲ್ತಿರೋದು?' ಎಂದರು. ಬೈಯುವಾಗಲೂ ಅತ್ತಿಗೆ ಎನ್ನುವ ಹಾಗೆ ತೆಲುಗಿನಲ್ಲಿ ವದಿನಾ ಎಂದೇ ಕರೆಯುತ್ತಾರೆ. ಅದು ಸುಳ್ಳಲ್ಲ. ನಿನಗೆ ತೇಯ್ದವಳು ನಾನೇ. ಹೊಟ್ಟೆ ಉಬ್ಬರಿಸಿದಾಗ ಬಜೆ ಸುಟ್ಟು, ಹರಳೆಣ್ಣೆಯಲ್ಲಿ ಕಲಸಿ, ಹೊಕ್ಕುಳ ಸುತ್ತ ಹಚ್ಚಿದವಳೂ ನಾನೇ. ಕೊನೆಗೆ ರಾಜಿಯಾಯಿತು: ನೆಕ್ಕಿಸುವುದು ಬೇಡ, ಬಳೆ ಕೈಯಲ್ಲಿರಲಿ.

ಅಲ್ಲೇ ನಾನು ಎಡವಿದ್ದು. ಘಾಟು ತಗಲೀತೆಂದು ಬೀಡಿ ಸೇದಿದವನನ್ನು ನಾನು ರೇಷ್ಮೆ ಹುಳುಮನೆಯ ಹೊಸ್ತಿಲು ದಾಟಿಸುವುದಿಲ್ಲ. ಮೊಮ್ಮಗನ ಕೈ ಮಾತ್ರ ಲೆಕ್ಕಕ್ಕೆ ಬರಲಿಲ್ಲ. ಬುಧವಾರ ಬೆಳಿಗ್ಗೆ ಸೊಪ್ಪು ಹಾಕಲು ಹೋದರೆ, ನಾಲ್ಕನೇ ಜ್ವರದಲ್ಲಿ ಪೊರೆ ಕಳಚಿ ಎದ್ದು, ಹಸಿದು ಮೇಯಬೇಕಾದ ರೇಷ್ಮೆಹುಳುಗಳು ಒಂದು ತಟ್ಟೆಯಲ್ಲಿ ಎಲೆ ಮುಟ್ಟದೆ ಒಂದೇ ಅಂಚಿಗೆ ಒತ್ತಿಕೊಂಡಿದ್ದವು. ಕೆಲವು ಆಗಲೇ ಸತ್ತಿದ್ದವು. ಇನ್ನೊಂದು ಅಂಚಿನಲ್ಲಿ, ಸೊಪ್ಪಿನಡಿ, ಹಿಂದಿನ ಸಂಜೆ ಭಾನು ಕೈಯಿಂದ ಜಾರಿದ್ದ ಬಜೆಯ ಬಳೆ. ಇಷ್ಟು ಚೆನ್ನಾಗಿ ನೀನೂ ಕೆಮಿಸ್ಟ್ರಿ ಪಾಠ ಮಾಡಿರಲಾರೆ. ಭಾನು ನನಗೆ ಬೆನ್ನು ಮಾಡಿ ನಿಂತು ಪಕ್ಕದ ತಟ್ಟೆಗೆ ಎಲೆ ಉದುರಿಸುತ್ತಿದ್ದ. ನಾನು ಕೂಗಿದ ಕೂಗಿಗೆ ಬೀದಿ ನಾಯಿ ಎದ್ದು ಓಡಿತು, ಪಕ್ಕದ ಮನೆ ಗಂಗುಲಮ್ಮ ಪೊರಕೆ ಹಿಡಿದೇ ಬಂದಳು.

ಭಾನು ತಿರುಗಲಿಲ್ಲ.

ತಟ್ಟೆ ಬಡಿದದ್ದಾಯಿತು. ತಿರುಗಲಿಲ್ಲ. ಭುಜ ಮುಟ್ಟಿದ ಮೇಲೆ ತಿರುಗಿ ನೋಡಿ ನಕ್ಕ.

ತೊಂದರೆ ನಾಲಿಗೆಯದಲ್ಲ ಕಣಮ್ಮ, ಕಿವಿಯದು. ಮರುದಿನವೇ ಚಿಕ್ಕಬಳ್ಳಾಪುರದ ಕಿವಿ ಡಾಕ್ಟರ ಹತ್ತಿರ ಹೋದೆವು. ನೆಗಡಿ ಮೇಲೆ ನೆಗಡಿಯಾಗಿ ಎರಡೂ ಕಿವಿಯ ತಮಟೆಯ ಹಿಂದೆ ನೀರು ಅಂಟಾಗಿ ನಿಂತಿದೆಯಂತೆ. ಸಣ್ಣ ಆಪರೇಷನ್ ಮಾಡಿ ತೆಗೆದರೆ ಕೇಳಿಸುತ್ತದೆ, ಕೇಳಿಸಿದರೆ ಮಾತು ತಡವಾಗಿಯಾದರೂ ಬರುತ್ತದೆ ಎಂದರು. ತಾಯಿ ಕೆಲಸಕ್ಕೆ ಹೋಗುವುದು ಇದಕ್ಕೆ ಕಾರಣವೇ ಎಂದು ಕೊಂಡಮ್ಮನವರ ಮುಂದೆಯೇ ಕೇಳಿದೆ. ಡಾಕ್ಟರು ನಕ್ಕುಬಿಟ್ಟರು. ಕೊಟ್ಟ ಫೀಸು ಆ ನಗುವಿಗೇ ಸರಿಹೋಯಿತು.

ಒಂದು ತಟ್ಟೆ ಹುಳು ಹೋಯಿತು, ಒಂದು ಮಗುವಿನ ಕಿವಿ ಸಿಕ್ಕಿತು. ಇಂಥ ವ್ಯಾಪಾರ ದಿನಾ ಬಂದರೂ ನನಗೆ ಒಪ್ಪಿಗೆ. ಬಜೆಯ ಮೇಲೂ ಕೋಪವಿಲ್ಲ. ಬೇರನ್ನು ಹುರುಳಿ ಡಬ್ಬಕ್ಕೆ ಹಾಕಿದ್ದೇನೆ. ಅಲ್ಲಿನ ಹುಳಗಳ ಹತ್ತಿರ ಅದು ತನ್ನ ಕೆಲಸ ಮಾಡಿಕೊಂಡಿರಲಿ.

ಇಪ್ಪತ್ತಾರನೇ ತಾರೀಖು, ಗುರುವಾರ ಆಪರೇಷನ್. ತಾಯಿಯ ರುಜು ಬೇಕಂತೆ. ರಾಜೀನಾಮೆ ಹರಿದುಹಾಕಿ, ರಜೆ ಚೀಟಿ ಕೊಟ್ಟು ಬಾ.

ನಿನ್ನ ದಾರಿ ನೋಡುತ್ತಿರುವ ಅಮ್ಮ,
ಯಶೋದಮ್ಮ

ತಾ.ಕ.: ಮೇಲಿನದನ್ನು ಓದಿದರೆ ಕಂಡುಹಿಡಿದವಳು ನಾನೇ ಎನ್ನಿಸುತ್ತದೆ, ಅನ್ನಿಸಲಿ ಎಂದೇ ಹಾಗೆ ಬರೆದೆ. ಕೂಗುವಾಗ ನಾನು ನೋಡುತ್ತಿದ್ದದ್ದು ಹುಳುಗಳನ್ನು. ಬಾಗಿಲಲ್ಲಿ ನಿಂತಿದ್ದ ಕೊಂಡಮ್ಮನವರು, 'ವದಿನಾ, ನಿಮ್ ಹುಳ ಹಾಳಾಗ್ಲಿ, ಮಗು ತಿರುಗ್ಲೇ ಇಲ್ಲ ನೋಡಿ' ಎಂದರು. ತಟ್ಟೆ ಬಡಿದವರೂ ಅವರೇ, ಡಾಕ್ಟರ ಹತ್ತಿರ ಎಳೆದುಕೊಂಡು ಹೋದವರೂ ಅವರೇ. ನಿನ್ನನ್ನು ಅಂದ ಮಾತಿಗೆ ಈಗ ನಾಚಿಕೆಪಡುತ್ತಿದ್ದಾರೆ, ಏನೂ ಬರೆಯಬೇಡಿ ಎಂದಿದ್ದಾರೆ. ಗುರುವಾರ ಅವರೂ ಬರುತ್ತಾರೆ. ಮೊದಲು ಅವರನ್ನು ಮಾತಾಡಿಸು. ನನ್ನನ್ನು ಆಮೇಲೆ ಮಾತಾಡಿಸಿದರೂ ನಡೆಯುತ್ತದೆ.