ಉರುವಲು ಎಂದು ಮುದ್ರೆ ಬಿದ್ದ ಮರ

ನಗರದ ಮರಗಳನ್ನು ನೋಡಿಕೊಳ್ಳುವ ಮಾನ್ಯ ಅಧಿಕಾರಿಗಳೇ,

ನಮ್ಮ ಮನೆಯೆದುರಿನ ಮರವನ್ನು ಕಡಿಸಿದ್ದಕ್ಕೆ ಈ ಪತ್ರವಲ್ಲ. ಚರಂಡಿ ಕಟ್ಟಿಕೊಂಡಿತ್ತು, ಮರ ಹೋಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ನಿಮ್ಮ ಇಲಾಖೆಗೆ ಹೊಸದೇನಲ್ಲ. ಕಡಿದ ಮರವನ್ನು ತಿಂಗಳ ಕೊನೆಗೆ ಇಟ್ಟಿಗೆ ಗೂಡಿಗೆ ಕಳಿಸಿ ಸುಡಿಸುತ್ತೀರಲ್ಲ, ನನ್ನ ತಕರಾರು ಅದರ ಬಗ್ಗೆ. ಪತ್ರಿಕೆಯಲ್ಲೇ ಯಾಕೆ ಬರೆಯುತ್ತಿದ್ದೇನೆಂದರೆ, ನಿಮ್ಮ ಕಚೇರಿಯ ಬಾಗಿಲಲ್ಲಿ ಹೇಳಿದ ಮಾತು ನಿಮ್ಮ ಮೇಜು ತಲುಪುವಷ್ಟರಲ್ಲಿ ಆರಿಹೋಗಿರುತ್ತದೆ.

ನಾನು ಬಡಗಿ. ಕೆಳಗೆ ಕೆಲಸದ ಕೋಣೆ, ಮೇಲೆ ಮನೆ, ಮನೆಯಲ್ಲಿ ಇದ್ದದ್ದು ನಾನು ಮತ್ತು ನನ್ನ ಅಕ್ಕ. ಅಕ್ಕ ಶಾಲೆಯಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತಳಾದವಳು; ಆಮೇಲೆ ಅವಳ ಕ್ಲಾಸಿಗೆ ಉಳಿದ ವಿದ್ಯಾರ್ಥಿ ನಾನೊಬ್ಬನೇ. ಒಮ್ಮೆ ಊಟಕ್ಕೆ ಕೂತಾಗ ಕೇಳಿದಳು, "ಇಷ್ಟು ವರ್ಷ ಮರ ಕೊಯ್ದಿದ್ದೀಯಲ್ಲ, ಮರದ ಮೈ ಎಲ್ಲಿಂದ ಬರುತ್ತೆ ಹೇಳು ನೋಡೋಣ." "ಮಣ್ಣಿಂದ, ಇನ್ನೆಲ್ಲಿಂದ?" ಅಂದೆ. "ಮಣ್ಣು ತಿಂದು ಬೆಳೆದಿದ್ರೆ ಮರದ ಸುತ್ತ ಗುಂಡಿ ಬೀಳ್ಬೇಕಿತ್ತಲ್ಲೋ, ಪೆದ್ದ! ಗಾಳಿಯಿಂದ ಕಣೋ. ನಾವು ಬಿಟ್ಟ ಉಸಿರಲ್ಲಿ ಇಂಗಾಲ ಇರುತ್ತೆ. ಎಲೆ ಅದನ್ನ ಬಿಸಿಲಲ್ಲಿ ಹಿಡ್ಕೊಂಡು ಮರ ಮಾಡುತ್ತೆ. ನೀನು ಇಷ್ಟು ದಿನ ಗಾಳಿಗೇ ಉಳಿ ಹೊಡೀತಿದ್ದೀಯ." ಒಣಗಿದ ಹಲಗೆಯ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಇಂಗಾಲವೇ ಅಂತೆ. ಈ ವಿಷಯ ಗೊತ್ತಿಲ್ಲದೆಯೇ ನಾನು ಅರ್ಧ ಊರಿಗೆ ಬಾಗಿಲು ಮಾಡಿಕೊಟ್ಟಿದ್ದೆ.

ಆಮೇಲೆ ಅಕ್ಕನ ಶ್ವಾಸಕೋಶ ಕೆಟ್ಟಿತು. ಡಾಕ್ಟರು ಒಂದು ಅಭ್ಯಾಸ ಹೇಳಿಕೊಟ್ಟರು: ಮೂಗಿನಿಂದ ಎಳೆದುಕೊಂಡು, ಬಿಸಿ ಹಾಲು ಆರಿಸುವ ಹಾಗೆ ತುಟಿ ಕೂಡಿಸಿ ನಿಧಾನವಾಗಿ ಊದಬೇಕು. ಅವಳು ಕಿಟಕಿಯ ಹತ್ತಿರ ಕುರ್ಚಿ ಹಾಕಿಸಿಕೊಂಡು ಮರದ ಕಡೆಗೇ ಊದುತ್ತಿದ್ದಳು. "ತಗೋಪ್ಪಾ, ನಿನ್ನ ಪಾಲು" ಎಂದು ಅದಕ್ಕೆ ಹೇಳುತ್ತಿದ್ದಳು. "ಅಷ್ಟೂ ಅದಕ್ಕೇ ಹೋಗುತ್ತಾ ಅಕ್ಕಾ?" ಎಂದು ಗೇಲಿ ಮಾಡಿದೆ. "ಎಲ್ಲಿ ಹೋಗುತ್ತೆ! ಗಾಳಿಗೇನು ಬೇಲಿ ಇದೆಯಾ? ಯಾವ ದೇಶದ ಯಾವ ಹುಲ್ಲಿಗೆ ಸೇರುತ್ತೋ. ಇಲ್ಲಿ ಸಾಸಿವೆಯಷ್ಟು ನಿಂತ್ರೆ ಹೆಚ್ಚು." ಒಂದು ವರ್ಷ ಹೀಗೆ ಊದಿದಳು. ಒಂದು ಬೆಳಗ್ಗೆ ಊದಲಿಲ್ಲ.

ನನಗೆ ಅಳು ಬರಲಿಲ್ಲ, ಇವತ್ತಿಗೂ ಬಂದಿಲ್ಲ. ಕೈ ಕೆಲಸ ಮಾಡುತ್ತದೆ, ಹೊಟ್ಟೆ ಊಟ ಕೇಳುತ್ತದೆ, ಮಿಕ್ಕಿದ್ದೆಲ್ಲ ಜೋಮು ಹಿಡಿದಿದೆ. ನಿಮ್ಮವರು ಯಂತ್ರ ತಂದು ಮರ ಉರುಳಿಸಿದಾಗಲೂ ನಾನು ಬಾಗಿಲ ಚೌಕಟ್ಟಿಗೆ ತೂತು ಕೊರೆಯುತ್ತ ಕೂತಿದ್ದೆ. ತಲೆಯೆತ್ತಿ ನೋಡಿದೆ, ಮತ್ತೆ ಕೊರೆದೆ. ಯಾಕೆ ತಡೆಯಲಿಲ್ಲ ಎಂದು ನೆರೆಯವರು ಕೇಳಿದರು. ಕೋಪ ಬಂದವರು ತಡೆಯುತ್ತಾರೆ. ನನಗೆ ಅದೂ ಬರಲಿಲ್ಲ.

ಕೆಲವು ದಿನ ಕಳೆದ ಮೇಲೆ ಹೊಳೆಯಿತು. ಮರ ವರ್ಷ ವರ್ಷವೂ ತೊಗಟೆಯ ಕೆಳಗೆ ಹೊಸದೊಂದು ಸುತ್ತು ಕಟ್ಟುತ್ತದೆ. ನಮ್ಮ ಕಸುಬಿಗೆ ಬೇಕಾದದ್ದು ಒಳಗಿನ ಕೆಚ್ಚು. ಹೊರಗಿನ ಬಿಳಿ ಭಾಗ ಮೆತ್ತಗಿರುತ್ತದೆ, ಕೊಯ್ದು ಎಸೆಯುತ್ತೇವೆ. ಅಕ್ಕ ಊದಿದ ವರ್ಷದ ಸುತ್ತು ಇರುವುದು ಆ ಎಸೆಯುವ ಬಿಳಿಯಲ್ಲಿ. ಕೆಲಸ ಬಿಟ್ಟು, ಕಡಿದ ಮರ ಪೇರಿಸಿಡುವ ನಿಮ್ಮ ಡಿಪೋಗೆ ಓಡಿಬಂದೆ. ದಿಮ್ಮಿಯ ಮೇಲೆ ಆಗಲೇ "ಉರುವಲು" ಎಂದು ಮುದ್ರೆ ಬಿದ್ದಿತ್ತು.

"ಬೀದಿ ಮರ ಅಂದ್ರೆ ಉರುವಲೇ ಯಜಮಾನ್ರೇ," ಎಂದರು ನಿಮ್ಮ ಗುಮಾಸ್ತರು. "ಮೈತುಂಬ ಮೊಳೆ. ಯಾವ ಮಿಲ್ಲಿನವರೂ ಮುಟ್ಟಲ್ಲ, ಗರಗಸದ ಹಲ್ಲು ಹಾರಿಹೋಗುತ್ತೆ."

"ನಾನು ಕೈಯಲ್ಲೇ ಕೀಳ್ತೀನಿ. ಕೈಗರಗಸದಲ್ಲೇ ಕೊಯ್ತೀನಿ."

"ಹಾಗೆಲ್ಲ ಕೊಡೋಕೆ ಬರಲ್ಲ. ಸುಡ್ತಾರೆ ಅಂತ ಯಾಕೆ ಅಂದ್ಕೊಳ್ತೀರಿ? ವಿಲೇವಾರಿ ಅನ್ನಿ."

ಅಳಿಯ ಅಲ್ಲ, ಮಗಳ ಗಂಡ! ಇನ್ನು ಆ ಮೊಳೆಗಳನ್ನು ಹೊಡೆದವರು ಯಾರು ಸ್ವಾಮಿ? ದಿಮ್ಮಿಯನ್ನು ಸುತ್ತಿ ನೋಡಿದೆ. ಎಲ್ಲಕ್ಕಿಂತ ಉದ್ದನೆಯ ಮೊಳೆಗಳಿಗೆ ಇನ್ನೂ ನಿಮ್ಮ ಇಲಾಖೆಯ ತಗಡು ನೇತಾಡುತ್ತಿತ್ತು: "ಮರ ಉಳಿಸಿ". ಉಳಿಸಿ ಎಂದು ನೀವು ಹೊಡೆದ ಮೊಳೆಯೇ ಅದನ್ನು ಉರುವಲು ಮಾಡಿತು. ನಗಬೇಕಾದ ಸಂಗತಿ ಎಂದು ನನಗೆ ಗೊತ್ತಾಯಿತು. ನಗು ಬರಲಿಲ್ಲ.

ಒಂದಕ್ಕೆ ಎರಡು ಸಸಿ ನೆಟ್ಟಿದ್ದೇವೆ, ಇಂಗಾಲದ ಲೆಕ್ಕ ಸರಿಹೋಯಿತು ಎಂದು ನಿಮ್ಮ ಪ್ರಕಟಣೆ ಹೇಳುತ್ತದೆ. ಮೂಗಿಗೆ ತುಪ್ಪ ಸವರುವುದು ಎಂದರೆ ಇದೇ. ಮೊಣಕಾಲೆತ್ತರದ ಸಸಿ ಆ ಮರದಷ್ಟು ಇಂಗಾಲ ಕೂಡಿಸಲು ನನ್ನಂಥವನ ಇಡೀ ಆಯುಷ್ಯ ಬೇಕು, ಅದೂ ಯಾರಾದರೂ ನೀರು ಹಾಕಿದರೆ. ಗೂಡಿಗೆ ಬೇಕಾದದ್ದು ಒಂದು ಮಧ್ಯಾಹ್ನ. ಇಂಗಾಲ ಓಡಾಡುವುದು ತಪ್ಪಲ್ಲ. ಗಾಳಿಯಿಂದ ಎಲೆಗೆ, ಎಲೆಯಿಂದ ಹುಳಕ್ಕೆ, ಹುಳದಿಂದ ಮಣ್ಣಿಗೆ, ಕಡಲಿಗೆ, ಮತ್ತೆ ಗಾಳಿಗೆ. ಅದು ಓಡಾಡುವುದರಿಂದಲೇ ನೀವೂ ನಾನೂ ಇದ್ದೇವೆ. ಆದರೆ ಅದಕ್ಕೊಂದು ನಡಿಗೆಯಿದೆ. ಯುಗಗಟ್ಟಲೆ ನೆಲದಡಿ ಮಲಗಿದ್ದ ಕಾಡುಗಳನ್ನು ಕಲ್ಲಿದ್ದಲೆಂದು ಅಗೆದು ಉರಿಸಿದ್ದೇವೆ, ನಿಂತ ಕಾಡುಗಳನ್ನೂ ಉರಿಸುತ್ತಿದ್ದೇವೆ. ಮರಗಳೂ ಕಡಲೂ ಹೀರಿಕೊಂಡು ಮಿಕ್ಕಿದ್ದು ಗಾಳಿಯಲ್ಲೇ ನಿಂತು ಸೆಕೆಯನ್ನು ಹಿಡಿದಿಡುತ್ತಿದೆ. ಬೇಸಿಗೆ ವರ್ಷದಿಂದ ವರ್ಷಕ್ಕೆ ಯಾಕೆ ಹೀಗಾಗುತ್ತಿದೆ ಎಂದು ನಿಮ್ಮ ತಣ್ಣನೆಯ ಕೋಣೆಯಲ್ಲಿ ಸಭೆ ಸೇರುತ್ತೀರಂತೆ. ಸಭೆ ಸೇರಿ, ಬೇಡವೆನ್ನುವುದಿಲ್ಲ. ಡಿಪೋದ ಮುದ್ರೆಯನ್ನು ಅಷ್ಟರವರೆಗೆ ಬೀರುವಿನಲ್ಲಿಡಿ.

ನನಗೆ ಮರ ಕೊಡಲು ಕಾಯಿದೆ ಬಿಡದಿದ್ದರೆ ಕೊಡಬೇಡಿ. ಡಿಪೋದಲ್ಲೇ ಕೂತು ಮೊಳೆ ಕೀಳುತ್ತೇನೆ, ಅಲ್ಲೇ ಕೊಯ್ದು, ಬಿಳಿ ಭಾಗವನ್ನೂ ಎಸೆಯದೆ, ನಿಮ್ಮ ಕಚೇರಿಯ ಪಡಸಾಲೆಗೆ ಬೆಂಚು ಮಾಡಿಕೊಡುತ್ತೇನೆ. ಜನ ಅಲ್ಲಿ ಗಂಟೆಗಟ್ಟಲೆ ನಿಂತಿರುತ್ತಾರೆ. ಕೂಲಿ ಬೇಡ. ಬೆಂಚು ಶಾಶ್ವತವಲ್ಲ ಎಂದೂ ಗೊತ್ತು. ಇವತ್ತಲ್ಲ ನಾಳೆ ಗೆದ್ದಲು ತಿಂದು ಗಾಳಿಗೆ ಸೇರಿಸುತ್ತದೆ, ಸೇರಿಸಲಿ. ಅಕ್ಕನನ್ನು ತಡೆದು ನಿಲ್ಲಿಸಿ ಎಂದು ನಾನು ಕೇಳುತ್ತಿಲ್ಲ. ಅವಳನ್ನು ಒಮ್ಮೆ ನಾನೇ ಸುಟ್ಟು ಬಂದಿದ್ದೇನೆ. ಇನ್ನೊಮ್ಮೆ ನೀವು ಸುಡಬೇಡಿ.

ಇಂತಿ,
ಎದುರಿಗೆ ಮರವಿಲ್ಲದೆಯೂ ಉಸಿರು ಬಿಡುತ್ತಿರುವ
ಒಬ್ಬ ಬಡಗಿ