ಮೂವತ್ತೇಳನೇ ಕಂತಿನ ನಗು

ಆಗಸ್ಟ್ 4, ಭಾನುವಾರ. ಸಂಜೆ ಆರು

ಇವತ್ತೂ ಹದಿನೇಳು ಜೊತೆ ಚಪ್ಪಲಿ. ಹೊಸ್ತಿಲು ದಾಟಿ ನನ್ನ ಹೊಲಿಗೆ ಮಷಿನ್ ತನಕ ಬಂದಿವೆ. ಎರಡು ಸಲ ಕಾಫಿ ಆಯಿತು. ಲೋಟ ತೊಳೆದು ಕವುಚಿ ಹಾಕಿ ಕೂತಿದ್ದೇನೆ. ಹಾಲ್‌ನಲ್ಲಿ ಟೀವಿ ಇನ್ನೂ ಆರಿಲ್ಲ.

ಯಜಮಾನರ ಅಣ್ಣ, ನಮ್ಮ ಭಾವ, ಬರೆದ ನಗೆ ಧಾರಾವಾಹಿ ನಿಂತು ಇಪ್ಪತ್ತಾರು ವರ್ಷ. ಈ ಜನಕ್ಕೆ ಅದರ ಹುಚ್ಚು ಬಿಟ್ಟಿಲ್ಲ. ಬರೆದವರ ಮನೆಯಲ್ಲೇ ಕೂತು ನೋಡಿದರೆ ಪುಣ್ಯ ಜಾಸ್ತಿ ಅನ್ನುವ ಹಾಗೆ ಭಾನುವಾರ ನಾಲ್ಕು ಹೊಡೆಯುವುದಕ್ಕಿಲ್ಲ, ಹಾಜರ್. ಈಗ ಚೀಟಿಯಲ್ಲಿ ಮತ ಹಾಕಿ ಇಷ್ಟದ ಎಂಟು ಕಂತು ಆರಿಸಿದ್ದಾರೆ. ವಾರಕ್ಕೊಂದು. ಎಂಟನೆಯ ಜಾಗದ್ದು ಮೊದಲು, ಒಂದನೆಯದು ಕೊನೆಗೆ. ಒಂದನೆಯದು ಯಾವುದೆಂಬುದು ಗುಟ್ಟಂತೆ.

ಆ ಧಾರಾವಾಹಿಯಲ್ಲಿ ಗಂಟೆಯಕ್ಕ ಅಂತ ಒಬ್ಬಳಿದ್ದಾಳೆ. ಹಳ್ಳಿಯಿಂದ ಬಂದವಳು. ಗಂಟೆ ಅಲ್ಲಾಡಿಸುತ್ತಾ ದೇವರ ಜೊತೆ ಚೌಕಾಸಿ ಮಾಡುವವಳು. ಅವಳ ಮುಖ ಕಂಡರೆ ಸಾಕು, ಎಲ್ಲರೂ ಬಿದ್ದು ಬಿದ್ದು ನಗುತ್ತಾರೆ. ಅವಳು ಸೆರಗು ಸಿಕ್ಕಿಸುವ ರೀತಿ ನನ್ನದು. ಮಾತಿಗೆ ಮೊದಲು ಮೂಗು ಉಜ್ಜುವುದು ನನ್ನದು. ಇವರಿಗೆ ಯಾರಿಗೂ ಗೊತ್ತಿಲ್ಲ. ಕಾಫಿ ಕೊಡುವವಳ ಮುಖ ಯಾರು ನೋಡುತ್ತಾರೆ...

ಇದನ್ನು ದೇವರಿಗೆ ಅಂತಲೂ ಬರೆಯುತ್ತಿಲ್ಲ. ಹಿಂದೆ ಹಾಗೆ ಬರೆದು ಬುದ್ಧಿ ಕಲಿತಿದ್ದೇನೆ. ಮಷಿನ್ ಡ್ರಾಯರಿನಲ್ಲಿ ದಾರದ ಉಂಡೆಗಳ ಕೆಳಗೆ ಇಡುತ್ತೇನೆ.

ಆಗಸ್ಟ್ 7. ಬೆಳಿಗ್ಗೆ ಹನ್ನೊಂದು

ಶಾಲೆಯಿಂದ ಅರವತ್ತೆರಡು ಅಂಗಿ ಬಂದಿವೆ. ಜೇಬಿನ ಮೇಲೆ ಮಕ್ಕಳ ಹೆಸರು ಹೊಲಿಯುವುದು ನನ್ನ ಕೆಲಸ. ಪರರ ಮಕ್ಕಳ ಹೆಸರು ಎಷ್ಟು ಸಾವಿರ ಹೊಲಿದೆನೋ.

ನಮ್ಮವು ಎರಡೂ ಏಳನೇ ತಿಂಗಳಿಗೇ ಹೊಟ್ಟೆಯಲ್ಲೇ ಹೋದವು. ಎರಡನೆಯದು ಹೋದಾಗ ನನಗೆ ಇಪ್ಪತ್ನಾಲ್ಕು. ತುಂಬಿದ ಮನೆ, ಜೋರಾಗಿ ಅಳುವ ಹಾಗಿಲ್ಲ. ಒಂದು ನೋಟ್‌ಬುಕ್ಕಿನಲ್ಲಿ ದೇವರಿಗೆ ಬರೆದೆ. "ಮೆಳ್ಳೆಗಣ್ಣಾದರೂ ಪರವಾಗಿಲ್ಲ. ಭಾವನ ಮೂಗು ಬಂದರೂ ಸಹಿಸುತ್ತೇನೆ. ರಾತ್ರಿಯೆಲ್ಲ ಅತ್ತರೂ ನಾನೇ ಎದ್ದು ನೋಡಿಕೊಳ್ಳುತ್ತೇನೆ, ಯಾರ ನಿದ್ದೆಯೂ ಕೆಡದ ಹಾಗೆ. ಒಂದು ಕೊಡು." ದೇವರ ಪಟದ ಹಿಂದೆ ಇಟ್ಟಿದ್ದೆ. ಒಂದು ವಾರ ಕಾಣಲಿಲ್ಲ. ಆಮೇಲೆ ಅದೇ ಜಾಗದಲ್ಲಿತ್ತು.

ಎರಡು ತಿಂಗಳಿಗೆ ಟೀವಿಯಲ್ಲಿ ಬಂತು. ಮೂವತ್ತೇಳನೇ ಕಂತು. ಗಂಟೆಯಕ್ಕ ದೇವರ ಹತ್ತಿರ ಫ್ರಿಜ್ ಕೇಳುತ್ತಾಳೆ. "ಬಣ್ಣ ಹೋಗಿದ್ದರೂ ಪರವಾಗಿಲ್ಲ. ಬಾಗಿಲು ಸೊಟ್ಟಗಿದ್ದರೂ ಸಹಿಸುತ್ತೇನೆ. ರಾತ್ರಿಯೆಲ್ಲ ಅತ್ತರೂ ನಾನೇ ಎದ್ದು ನೋಡಿಕೊಳ್ಳುತ್ತೇನೆ. ಒಂದು ಕೊಡು." ಫ್ರಿಜ್ ಯಾಕೆ ಅಳುತ್ತದೆ ಅಂತ ಊರೆಲ್ಲ ನಕ್ಕಿತು. ಆ ಒಂದು ಸಾಲನ್ನು ಭಾವ ಬದಲಾಯಿಸುವ ಗೋಜಿಗೇ ಹೋಗಿರಲಿಲ್ಲ.

ಆ ಮಗುವಿಗೆ ತೊಟ್ಟಿಲಿಲ್ಲ, ಫೋಟೋ ಇಲ್ಲ, ಹೆಸರಿಲ್ಲ. ಇದ್ದದ್ದು ಆ ನಾಲ್ಕು ಮಾತು. ಅದನ್ನೂ ಮಾರಿಕೊಂಡರು.

ಆಗಸ್ಟ್ 18, ಭಾನುವಾರ

ಇವತ್ತು ಒಂದು ನಗುವಿನ ಬಗ್ಗೆ ಚರ್ಚೆ. ನಗುತ್ತಾ ನಗುತ್ತಾ ಕೊನೆಗೆ ಬಿಕ್ಕಳಿಸುವ ಒಂದು ಹೆಣ್ಣುನಗು ಅಲ್ಲಲ್ಲಿ ಕೇಳುತ್ತದಂತೆ. ರಿಟೈರಾದ ಪೋಸ್ಟ್‌ಮ್ಯಾನ್ ಒಬ್ಬರಿದ್ದಾರೆ, ಕಂತಿನ ನಂಬರುಗಳನ್ನು ಮನೆ ನಂಬರಿನ ಹಾಗೆ ಹೇಳುವವರು. "ಹನ್ನೆರಡರಲ್ಲಿ ಎರಡು ಸಲ. ಮೂವತ್ತೇಳರಲ್ಲಿ ಒಂದು ಸಲ, ಫ್ರಿಜ್ ಕೇಳಿದ್ಮೇಲೆ" ಅಂದರು.

ಹಲ್ಲಿನ ಡಾಕ್ಟರು, ಇವರೆಲ್ಲರ ಮುಂದಾಳು, "ಯಾರೋ ಪುಣ್ಯಾತ್ಗಿತ್ತಿ, ಬಾಯ್ತುಂಬ ನಕ್ಕಿದ್ದಾಳೆ. ಯಾರು ಸರ್ ಅದು?" ಅಂದಳು.

"ಯಾರಿಗೆ ನೆನಪಿದೆಯಮ್ಮ" ಅಂದರು ಭಾವ. "ನಮ್ಮ ಬೀದಿಯವರನ್ನೇ ಒಂದಿನ ಕೂರಿಸಿ, ಒಬ್ಬ ಸೋಪಿನ ಮೇಲೆ ಜಾರಿ ಬೀಳೋದು ತೋರಿಸಿ, ನಗು ತುಂಬಿಸ್ಕೊಂಡ್ವಿ. ಆಮೇಲೆ ಬೇಕಾದ ಕಡೆ ಕತ್ತರಿಸಿ ಅಂಟಿಸೋದು ಅಷ್ಟೆ."

ಬಾಗಿಲಲ್ಲಿ ಟ್ರೇ ಹಿಡಿದು ನಿಂತಿದ್ದೆ. ನಾನೇ ಅದು. ಆಗ ಐದು ತಿಂಗಳು ನನಗೆ. ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. ಆ ನಗುವನ್ನೇ ತಂದು ನನ್ನ ಪ್ರಾರ್ಥನೆಯ ಕೆಳಗೆ ಅಂಟಿಸಿದ್ದಾರೆ.

"ಆಂಟಿ, ಸಕ್ಕರೆ ಕಮ್ಮಿ" ಅಂದಳು ಡಾಕ್ಟರು.

"ಹಲ್ಲಿಗೆ ಒಳ್ಳೇದು" ಅಂದು ಬಂದೆ.

ಸೆಪ್ಟೆಂಬರ್ 1

ಗುಟ್ಟು ಗೊತ್ತಾಯಿತು. ಒಂದನೆಯದು ಮೂವತ್ತೇಳು. ಡಾಕ್ಟರು ನಲವತ್ತು ಬಟ್ಟೆ ಚೀಲ ತಂದಿಟ್ಟು ಹೋಗಿದ್ದಾಳೆ. ಗಂಟೆಯಕ್ಕನ ಮಾತು ಪೂರ್ತಿ ಅದರ ಮೇಲೆ ಹೊಲಿಯಬೇಕಂತೆ, ಕೆಂಪು ದಾರದಲ್ಲಿ. ಇಪ್ಪತ್ತೆರಡಕ್ಕೆ ಭಾವನಿಗೆ ಸರ್‌ಪ್ರೈಸ್. ಯಜಮಾನರು ನನ್ನನ್ನು ಕೇಳದೆ ಹೂಂ ಅಂದಿದ್ದಾರೆ.

"ನನ್ನ ಕೈಲಿ ಆಗಲ್ಲ. ನಿಮಗೆ ಗೊತ್ತಿದ್ದೂ ಒಪ್ಕೊಂಡ್ರಲ್ಲ" ಅಂದೆ.

"ಅಣ್ಣನಿಗೆ ಎಪ್ಪತ್ತು ತುಂಬ್ತಿದೆ. ಹಳೇದನ್ನ ಯಾಕೆ ಕೆದಕ್ತೀಯ?"

"ಕೆದಕ್ತಿರೋದು ನಾನಲ್ಲ ರೀ. ವಾರವಾರ ಟೀವಿ ಹಾಕ್ಕೊಂಡು ಕೆದಕ್ತಿರೋರು ನಿಮ್ಮ ಹಾಲ್‌ನಲ್ಲಿ ಕೂತಿದ್ದಾರೆ."

"ಯಾರಿಗೂ ಅದು ನಿಂದು ಅಂತ ಗೊತ್ತಿಲ್ವಲ್ಲ."

ಅದೇ ಸಮಾಧಾನ ಅವರಿಗೆ. ಪೇಪರ್ ಬಿಡಿಸಿ ಮುಖಕ್ಕೆ ಅಡ್ಡ ಹಿಡಿದರು.

ಸೆಪ್ಟೆಂಬರ್ 15. ಮಧ್ಯಾಹ್ನ

ಎರಡು ವಾರ ಒಂದಕ್ಷರ ಬರೆಯಲಿಲ್ಲ. ದೀಪ ಹಚ್ಚುವಾಗಲೂ ಬಾಯಿಗೆ ಏನೂ ಬರಲಿಲ್ಲ. ದೇವರ ಮೇಲೂ ಸಿಟ್ಟು.

ಡಾಕ್ಟರು ಫೋನ್ ಮಾಡಿದಳು. "ಆಂಟಿ, ಆಯ್ತಾ? ಸ್ಪೆಲ್ಲಿಂಗ್ ಜೋಪಾನ."

"ಒಂದಕ್ಷರವೂ ತಪ್ಪಲ್ಲ ತಾಯಿ" ಅಂದೆ.

ಇವತ್ತು ಸೂಜಿಗೆ ಕೆಂಪು ದಾರ ಪೋಣಿಸಿದೆ. ಆರು ಚೀಲ ಮುಗಿದಿವೆ. ಏನು ಹೊಲಿಯುತ್ತಿದ್ದೇನೆ ಅಂತ ಯಾರೂ ಬಂದು ನೋಡಲಿಲ್ಲ. ಮಡಚಿ ಮಡಚಿ ಇಟ್ಟಿದ್ದೇನೆ.

ಸೆಪ್ಟೆಂಬರ್ 22, ಭಾನುವಾರ. ಸಂಜೆ ಏಳು

ಚಪ್ಪಲಿ ಎಣಿಸಲಿಲ್ಲ. ಮೆಟ್ಟಿಲ ಮೇಲೂ ಇದ್ದವು.

ಗಂಟೆಯಕ್ಕ ಗಂಟೆ ಎತ್ತಿದ್ದೇ ತಡ, ಇಡೀ ಹಾಲ್ ಅವಳ ಜೊತೆ ಹೇಳಿತು. "ರಾತ್ರಿಯೆಲ್ಲ ಅತ್ತರೂ..." ಆಮೇಲೆ ನಗು. ಎಲ್ಲ ನಗು ನಿಂತ ಮೇಲೂ ಟೀವಿಯೊಳಗೆ ನಾನೊಬ್ಬಳೇ ನಗುತ್ತಿದ್ದೆ. ಬಿಕ್ಕಳಿಕೆ. ಚಪ್ಪಾಳೆ.

ಕಟ್ಟು ಬಿಚ್ಚಿ ನಾನೇ ಒಬ್ಬೊಬ್ಬರ ಕೈಗೆ ಚೀಲ ಕೊಟ್ಟೆ. ಭಾವನಿಗೆ ಮೊದಲು.

ಡಾಕ್ಟರು ಬಿಡಿಸಿದಳು. ಎಲ್ಲರಿಗೂ ಕೇಳುವ ಹಾಗೆ ಓದಲು ಶುರು ಮಾಡಿದಳು. ಮೆಳ್ಳೆಗಣ್ಣು... ಭಾವನ ಮೂಗು... ಯಾರೋ ಕಿಸಕ್ಕೆಂದರು. "ಯಾರ ನಿದ್ದೆಯೂ ಕೆಡದ ಹಾಗೆ. ಒಂದು ಕೊಡು." ಅದರ ಕೆಳಗೆ ಸಣ್ಣಕ್ಷರದಲ್ಲಿ ಹೊಲಿದದ್ದನ್ನೂ ಓದಿದಳು. "ಎರಡನೇ ಮಗು ಹೋದ ಒಂಬತ್ತನೇ ದಿನ ಬರೆದದ್ದು."

"ಆಂಟಿ, ಇದು ತಪ್ಪಾಗಿದೆ" ಅಂದಳು. ದನಿ ಇಳಿದಿತ್ತು.

"ತಪ್ಪಾಗಿರೋದು ಅದರಲ್ಲಿ" ಅಂತ ಟೀವಿ ತೋರಿಸಿದೆ. "ಇದು ಸರಿಯಾಗಿರೋದು. ನಾನು ಬರೆದದ್ದು, ನನಗೇ ಗೊತ್ತಿಲ್ವಾ? ಆ ಬಿಕ್ಕಳಿಸೋಳು ಯಾರು ಅಂತ ಕೇಳ್ತಿದ್ರಲ್ಲ. ಅದೂ ನಾನೇ. ಆಗ ಅದೇ ಮಗು ಹೊಟ್ಟೇಲಿತ್ತು."

ಪೋಸ್ಟ್‌ಮ್ಯಾನ್ ಎದ್ದರು. ಚೀಲವನ್ನು ಮಡಿಕೆ ಕೆಡದ ಹಾಗೆ ಮಡಚಿ ಎದೆಯ ಜೇಬಿನಲ್ಲಿ ಇಟ್ಟುಕೊಂಡರು. ಚಪ್ಪಲಿ ಕೈಯಲ್ಲಿ ಹಿಡಿದೇ ಮೆಟ್ಟಿಲಿಳಿದರು. ಒಬ್ಬರ ಹಿಂದೆ ಒಬ್ಬರು. ಎರಡನೇ ಕಾಫಿ ಯಾರೂ ಕೇಳಲಿಲ್ಲ. ಡಾಕ್ಟರು ಬಾಗಿಲ ತನಕ ಹೋಗಿ ತಿರುಗಿ ನೋಡಿದಳು. ನಾನು ಲೋಟ ಎತ್ತುತ್ತಿದ್ದೆ.

ಭಾವ ಮಾತ್ರ ಕುರ್ಚಿ ಬಿಟ್ಟು ಏಳಲಿಲ್ಲ. "ನನ್ನನ್ನ ಕಳ್ಳ ಮಾಡಿದೆ ನೀನು" ಅಂದರು.

"ಅಲ್ವಾ ಮತ್ತೆ?"

"ನಾನು ಪಟದ ಹಿಂದೆ ಕೈ ಹಾಕಿಲ್ಲಮ್ಮ. ನಿನ್ನ ಗಂಡನೇ ತಂದುಕೊಟ್ಟ. 'ಅಣ್ಣಾ, ನನ್ಕೈಲಿ ಇದನ್ನ ಓದೋಕಾಗ್ತಿಲ್ಲ, ನೀನೇ ನೋಡು' ಅಂದ. ನೋಡಿದೆ. ನನಗೆ ಬರೋದು ನಗಿಸೋದೊಂದೇ."

ಯಜಮಾನರ ಕಡೆ ತಿರುಗಿದೆ. ಹೊಸ್ತಿಲ ಹತ್ತಿರ ನಿಂತು ಚಪ್ಪಲಿಗಳನ್ನು ಜೋಡಿಸುತ್ತಿದ್ದರು. ಅಲ್ಲಿ ಉಳಿದಿದ್ದದ್ದು ನಮ್ಮವೇ ಮೂರು ಜೊತೆ.

ಸೆಪ್ಟೆಂಬರ್ 23. ಬೆಳಿಗ್ಗೆ ಹತ್ತು

ದೀಪ ಹಚ್ಚಿದೆ. ಏನೂ ಕೇಳಲಿಲ್ಲ. ಕೊಡಲಿಲ್ಲವಲ್ಲ ಅಂತ ದೇವರ ಮೇಲೆ ಇಪ್ಪತ್ತಾರು ವರ್ಷ ಸಿಟ್ಟು ಇಟ್ಟುಕೊಂಡಿದ್ದೆ, ಕದ್ದದ್ದಕ್ಕೆ ಭಾವನ ಮೇಲೆ. ಪಕ್ಕದಲ್ಲೇ ಮಲಗಿದವರನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಓದಲು ಆಗಲಿಲ್ಲವಂತೆ. ಆಗದಿದ್ದರೆ ಪಟದ ಹಿಂದೆ ವಾಪಸ್ ಇಡಬೇಕಿತ್ತು. ಇಲ್ಲ, ನನ್ನ ಪಕ್ಕ ಬಂದು ಕೂರಬೇಕಿತ್ತು. ಅಣ್ಣನ ಕೈಗೆ ಕೊಟ್ಟರು. ಕಂತು ಬಂದ ದಿನ ಅದೇ ಹಾಲ್‌ನಲ್ಲಿ ಎಲ್ಲರ ಜೊತೆ ಕೂತಿದ್ದರು. ನಕ್ಕರೋ ಇಲ್ಲವೋ... ಅಡುಗೆಮನೆಯಲ್ಲಿದ್ದೆ, ನೋಡಲಿಲ್ಲ.

ಮಷಿನ್ ಪಕ್ಕ ಬಂದು ನಿಂತಿದ್ದಾರೆ ಈಗ. ಕೈಯಲ್ಲಿ ಒಂದು ಚೀಲ. ಅಕ್ಷರದ ಮೇಲೆ ಹೆಬ್ಬೆರಳು ಆಡಿಸುತ್ತಿದ್ದಾರೆ. "ಏನು ಬರೀತಿದ್ದೀಯ?" ಅಂದರು.

ಡ್ರಾಯರು ತೆರೆಯುವುದಿಲ್ಲ. ಈ ಸಲ ಬಚ್ಚಿಡುವುದಿಲ್ಲ. ನನ್ನ ಕೈಯಾರೆ ಕೊಡುತ್ತೇನೆ. ಸ್ಟೂಲಿನ ಮೇಲೆ ಕೂತು, ನನ್ನೆದುರಿಗೆ, ಜೋರಾಗಿ ಓದಲಿ. ಮೊದಲ ಪುಟದಿಂದ. ನಡುವೆ ಎಲ್ಲಾದರೂ ಅವರಿಗೆ ನಗು ಬಂದರೆ ಈ ಸಲ ನಾನು ನೋಡುತ್ತೇನೆ.