ಸೂರಿಲ್ಲದ ಭಾನುವಾರಗಳು

ಜೂನ್ 28, ಶನಿವಾರ

ಇವತ್ತೂ ಉಪ್ಪಿಟ್ಟು. ಗಿರಿಜಾ ಆಂಟಿ ತಟ್ಟೆ ಖಾಲಿಯಾಗುವವರೆಗೆ ಎದುರಿಗೇ ಕೂರುತ್ತಾರೆ. ಆಷಾಢ ಮುಗಿಯುವ ತನಕ ನೈರೋಬಿಯ ಸೌತ್ ಬಿ ಬಡಾವಣೆಯ ಈ ಮನೆಯೇ ನನ್ನ ತವರು! ಆಂಟಿ ಮೈಸೂರಿನಿಂದ ಬಂದು ಇಲ್ಲೇ ನೆಲೆಸಿದವರು. ನನ್ನ ಗಂಡ ಸಾತ್ವಿಕ್‌ನ ಆಫೀಸಿನವರಿಗೆಲ್ಲ ಆಂಟಿಯೇ. "ಹೊಸ ಮದುವೆ, ಆಷಾಢದಲ್ಲಿ ಗಂಡ ಹೆಂಡ್ತಿ ಒಂದೇ ಸೂರಿನಡಿ ಇರ್ತೀರಾ? ನಿಮ್ಮತ್ತೆ ಏನಂದ್ಕೋತಾರೆ! ಬಾ, ನಾನೇ ನಿನ್ನಮ್ಮ" ಅಂದುಬಿಟ್ಟರು.

ಮೈಸೂರಿನಲ್ಲಿರುವ ಅತ್ತೆಯನ್ನೇ ಕೇಳೋಣವೆಂದರೆ... ಏನಂತ? 'ಅತ್ತೆ, ನಿಮ್ಮ ಮಗನ ಜೊತೆ ಇರಬಹುದಾ' ಅಂತಲಾ? ಸಾತ್ವಿಕ್‌ಗೂ ಕೇಳಲು ಬಾಯಿ ಬರಲಿಲ್ಲ. ಅವನು ಪಾರ್ಕ್‌ಲ್ಯಾಂಡ್ಸ್‌ನ ನಮ್ಮ ಫ್ಲ್ಯಾಟಿನಲ್ಲಿ, ನಾನಿಲ್ಲಿ.

ಹನಿಮೂನ್ ಕೂಡ ಕ್ಯಾನ್ಸಲ್. ನಾನೇ ಮಾಡಿಸಿದೆ, ಒಳ್ಳೆ ಸೊಸೆ ಅನ್ನಿಸಿಕೊಳ್ಳುವ ಜೋಶ್‌ನಲ್ಲಿ. ಇಂಗ್ಲೆಂಡಿನ ಹಳ್ಳಿ, ಕಲ್ಲಿನ ಕಾಟೇಜ್, ಸ್ಟೀಮ್ ಟ್ರೈನ್, ಕುರಿಗಳು ಮೇಯುವ ಗುಡ್ಡ, ಸ್ಕೋನ್ ಅನ್ನುವ ಪುಟ್ಟ ಬನ್ ಜೊತೆ ಟೀ... ಕಾಟೇಜಿಗೂ ಸೂರಿದೆಯಲ್ಲ!

ಸಾತ್ವಿಕ್ "ಸರಿ" ಅಂದ. ಬರೀ "ಸರಿ". ಮದುವೆಗೆ ಮುಂಚೆ ಎರಡೇ ಸಲ ನೋಡಿದ್ದ ಹುಡುಗ. ಬೇಜಾರಾಯಿತಾ, ನಿರಾಳವಾಯಿತಾ, ಮುಖ ನೋಡಿದರೆ ಗೊತ್ತೇ ಆಗುವುದಿಲ್ಲ.

ಆದರೆ ಐಡಿಯಾ!!! ಒಂದೇ ಸೂರಿನಡಿ ತಾನೇ ಇರಬಾರದು? ಹೊರಗೆ ಸುತ್ತಬಹುದಲ್ಲ! ಇಂಗ್ಲೆಂಡನ್ನು ನೈರೋಬಿಯಲ್ಲೇ ಮಾಡಿ ಮುಗಿಸುತ್ತೇನೆ. ನಾಳೆ ಟೀ.

ಜೂನ್ 29, ಭಾನುವಾರ, ಸಂಜೆ

ಹೊರಡುವಾಗ ಕಾರಿನ ಬಾಗಿಲಲ್ಲೇ ನಿಂತುಬಿಟ್ಟೆ. "ಇದಕ್ಕೂ ಸೂರಿದೆ."

ಸಾತ್ವಿಕ್ ಯೋಚಿಸಿದ. ನಿಜವಾಗಿಯೂ ಯೋಚಿಸಿದ. "ಹೊಸ್ತಿಲಿಲ್ವಲ್ಲ. ಹೊಸ್ತಿಲಿಲ್ದೇ ಇದ್ರೆ ಮನೆ ಅಲ್ಲ. ಹತ್ತು."

ಊರಂಚಿನ ಕರೆನ್ ಬಡಾವಣೆಯ ಟೀ ಗಾರ್ಡನ್. ಹುಲ್ಲುಹಾಸು, ಗುಲಾಬಿ, ಸ್ಕೋನ್, ಸ್ಟ್ರಾಬೆರಿ ಜಾಮ್ — ಪಕ್ಕಾ ಇಂಗ್ಲೆಂಡ್! ಟೀ ಬರುವಷ್ಟರಲ್ಲಿ ತುಂತುರು. ಎಲ್ಲರೂ ವರಾಂಡಕ್ಕೆ ಓಡಿದರು. ನಾವು ಅಲ್ಲಾಡಲಿಲ್ಲ. ವೇಟರ್ ಬಂದ.

"ಮೇಡಂ, ದೇರ್ ಈಸ್ ಸ್ಪೇಸ್ ಇನ್‌ಸೈಡ್."

"ಅಸಾಂಟೆ," ಅಂತ ಸ್ವಾಹಿಲಿಯಲ್ಲಿ ಥ್ಯಾಂಕ್ಸ್ ಹೇಳಿದ ಸಾತ್ವಿಕ್, ತುಂಬ ಗಂಭೀರವಾಗಿ. "ವಿ ಆರ್ ನಾಟ್ ಅಲೌಡ್."

ಆ ವೇಟರ್‌ನ ಮುಖ!! ಪಾಪ, ಒಂದು ದೊಡ್ಡ ಕೊಡೆ ತಂದುಕೊಟ್ಟ. ಕೊಡೆ ಸೂರಾ? ಅಲ್ಲವೆಂದು ಇಬ್ಬರೂ ಒಪ್ಪಿಕೊಂಡೆವು. ಸ್ಕೋನ್ ನೆಂದು ಮುದ್ದೆಯಾಗಿತ್ತು. ಜೀವನದಲ್ಲಿ ತಿಂದ ಬೆಸ್ಟ್ ಸ್ಕೋನ್.

ಜುಲೈ 3, ಗುರುವಾರ

ಸೋಮವಾರದಿಂದ ಸಾತ್ವಿಕ್ ಫೋನ್ ಮಾಡಿಲ್ಲ. ಆಫೀಸಿನಲ್ಲಿ ಏನೋ ನೆಟ್‌ವರ್ಕ್ ಅಪ್‌ಗ್ರೇಡ್ ಅಂತ ಮೆಸೇಜ್ ಅಷ್ಟೇ. ಆಂಟಿಯ ಮೊಮ್ಮಗಳು ಸಾನ್ವಿ, "ಜಸ್ಟ್ ಗೋ ಹೋಮ್, ಯಾರ್. ಇಟ್ಸ್ ದಿ ಸೇಮ್ ಸಿಟಿ" ಅಂದಳು. "ಸುಮ್ನಿರೇ, ನಿಂಗೇನು ಗೊತ್ತು" ಅಂತ ಆಂಟಿ ಗದರಿದರು.

ಅವನಿಗೆ ಇದೇ ಆರಾಮವೇನೋ. ಪಿಜ್ಜಾ, ಕ್ರಿಕೆಟ್... ನನ್ನಂಥ ವಾಚಾಳಿ ಮನೆಯಲ್ಲಿ ಇಲ್ಲದಿದ್ದರೆ ಯಾರಿಗೆ ಆರಾಮವಲ್ಲ?

ಜುಲೈ 6, ಭಾನುವಾರ

ರೈಲ್ವೆ ಮ್ಯೂಸಿಯಂ. ಬಯಲಿನಲ್ಲಿ ನಿಂತ ಹಳೇ ಸ್ಟೀಮ್ ಇಂಜಿನ್‌ಗಳು. ಮತ್ತು — ಸಾತ್ವಿಕ್ ಮಾತಾಡಿದ!! ಬಾಯ್ಲರ್ ಎಲ್ಲಿ, ಕಲ್ಲಿದ್ದಲು ಎಲ್ಲಿ, ಚಿಕ್ಕವನಿದ್ದಾಗ ಇಂಜಿನ್ ಡ್ರೈವರ್ ಆಗಬೇಕೆಂದು ಮನೆಯ ಪ್ರೆಶರ್ ಕುಕ್ಕರ್ ಮುಂದೆ ಹಸಿರು ಟವೆಲ್ ಬೀಸುತ್ತಿದ್ದದ್ದು... ನಡುವೆ ನಿಲ್ಲಿಸಿ "ಬೋರಾಯ್ತಾ?" ಅಂದ. ಹುಚ್ಚ! ಡ್ರೈವರ್ ನಿಲ್ಲುವ ಜಾಗಕ್ಕೆ ಸೂರಿತ್ತು. ಒಬ್ಬರಾದ ಮೇಲೆ ಒಬ್ಬರು ಹತ್ತಿದೆವು.

ವಾಪಸ್ ಬಿಡುವಾಗ ಕೇಳಿದ. "ಆಂಟಿ ಮನೇಲಿ ಆರಾಮಾ?"

"ತುಂಬಾ!" ಅಂದುಬಿಟ್ಟೆ.

"ಸರಿ."

ಮತ್ತೆ ಆ "ಸರಿ". ಅಯ್ಯೋ, ಯಾಕಾದರೂ ಹಾಗಂದೆ?

ಜುಲೈ 13, ಭಾನುವಾರ, ಮಧ್ಯಾಹ್ನ

ಬೇಗ ಬೇಗ ಬರೆಯುತ್ತಿದ್ದೇನೆ, ಬಟ್ಟೆ ಪ್ಯಾಕ್ ಮಾಡಬೇಕು!!!

ಬೆಳಿಗ್ಗೆ ಗಾಂಗ್ ಹಿಲ್ಸ್. ಹಸಿರು ಗುಡ್ಡ, ಗಾಳಿ, ನಿಜವಾದ ಕುರಿಗಳು. ಕಣ್ಣು ಹಾಯಿಸಿದಷ್ಟು ದೂರ ಒಂದೂ ಸೂರಿಲ್ಲ. ಸಾತ್ವಿಕ್ ಕುರಿಗಳನ್ನೇ ನೋಡುತ್ತಾ ಹೇಳಿದ.

"ನಿನ್ನೆ ಅಮ್ಮಂಗೆ ಫೋನ್ ಮಾಡ್ದೆ. ಆಷಾಢ ಸ್ವಲ್ಪ ಬೇಗ ಮುಗಿಸ್ಬಹುದಾ ಅಂತ ಕೇಳ್ದೆ."

"ಏನಂದ್ರು? ಏನಂದ್ರು?" ಅಂತ ಅವನ ತೋಳು ಹಿಡಿದು ಅಲ್ಲಾಡಿಸಿದೆ.

"ಅಮ್ಮ ನಗೋದು ನಿಲ್ಸಲೇ ಇಲ್ಲ. 'ಪೆದ್ದುಗಳಾ, ನಮ್ಮಲ್ಲಿ ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟ್ಬಾರ್ದು, ಅಷ್ಟೇ. ನಾನು ಮೈಸೂರಲ್ಲಿದೀನಿ, ಮಧ್ಯ ಸಮುದ್ರಾನೇ ಇದೆ! ಹನಿಮೂನ್ ಕ್ಯಾನ್ಸಲ್ ಮಾಡು ಅಂತ ಯಾರು ಹೇಳಿದ್ರು?' ಅಂದ್ರು."

ಕುರಿಗಳೆಲ್ಲ ತಿರುಗಿ ನೋಡುವಷ್ಟು ನಕ್ಕೆವು. ಆಮೇಲೆ ಅವನು ಮೆಲ್ಲಗೆ, "ಫ್ಲ್ಯಾಟ್ ತುಂಬಾ ಸೈಲೆಂಟಾಗಿದೆ, ವರ್ಷಿಣಿ. ನಂಗಾಗ್ತಿಲ್ಲ" ಅಂದ.

ಇದಕ್ಕಿಂತ ಉದ್ದದ ಲವ್ ಲೆಟರ್ ನನಗೆ ಬೇಡ. ಕಾಟೇಜ್ ಶ್ರಾವಣದಲ್ಲಿ ನೋಡೋಣವಂತೆ.

ಆಂಟಿ ಹುಸಿಮುನಿಸಿನಲ್ಲಿ ಚಕ್ಕುಲಿ ತುಂಬುತ್ತಿದ್ದಾರೆ. "ನಿಮ್ಮತ್ತೆ ಹೇಳಿದ್ರು ಅಂತ ಬಿಡ್ತಿದೀನಿ. ತವರಿಂದ ಬರಿಗೈಲಿ ಹೋಗ್ತಾರೇನೇ?" ಕಣ್ಣು ಮಾತ್ರ ಒದ್ದೆ.

ಸಂಜೆ, ಪಾರ್ಕ್‌ಲ್ಯಾಂಡ್ಸ್

ಬಾಲ್ಕನಿಯಲ್ಲಿದ್ದೇನೆ. ಮಳೆ ಬಂತು. ಅಭ್ಯಾಸಬಲ, ಎದ್ದು ಒಳಗೆ ಹೋಗಬೇಕೆಂದು ಹೊಳೆಯಲೇ ಇಲ್ಲ! ಪುಟ ಒದ್ದೆಯಾಗುತ್ತಿದೆ. ಸಾತ್ವಿಕ್ ಟೀ ಹಿಡಿದು ಹೊಸ್ತಿಲ ಮೇಲೆ ನಿಂತು ಕರೆಯುತ್ತಿದ್ದಾನೆ.

"ಮೇಡಂ, ದೇರ್ ಈಸ್ ಸ್ಪೇಸ್ ಇನ್‌ಸೈಡ್."

ಬಂದೆ ಮಾರಾಯ, ಇದೊಂದು ಲೈನ್—